ಚೀಟಿಯೂ ರಟ್ಟೂ

ನಮ್ಮ ಕುಂದಾಣಕ್ಕೆ ಒಂದು ಕಡೆ ದೊಡ್ಡಬಳ್ಳಾಪುರದ ಮಗ್ಗಗಳು, ಇನ್ನೊಂದು ಕಡೆ ವಿಜಯಪುರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳು. ಈ ಸೀಮೆಯ ರೇಷ್ಮೆಯ ಚರಿತ್ರೆ ಹೇಳುವವರು ಟಿಪ್ಪು ಬಂಗಾಳದಿಂದ ಹುಳ ತರಿಸಿದ್ದನ್ನು ಹೇಳುತ್ತಾರೆ, 1912ರ ಮೈಸೂರು ರೇಷ್ಮೆ ಕಾರ್ಖಾನೆಯನ್ನು ಹೇಳುತ್ತಾರೆ. ಕಾಗದದ ಸುದ್ದಿ ಎತ್ತುವುದಿಲ್ಲ. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವ, ಅದರ ಮೇಲೆ ಅಚ್ಚು ಒತ್ತುವ ನನಗೆ ಗಂಟುಬಿದ್ದದ್ದು ಕಾಗದವೇ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮ್ಯಾಂಚೆಸ್ಟರಿನ ಗಿರಣಿ ಬಟ್ಟೆ ನಮ್ಮ ದೇಶದಲ್ಲಿ ಇಳಿಯುವಾಗ ಮೇಲೊಂದು ಬಣ್ಣದ ಚೀಟಿ ಅಂಟಿರುತ್ತಿತ್ತು. ದೇವರು, ರಾಜ, ಆನೆ, ಹುಲಿ, ಎಲ್ಲವೂ ಕಲ್ಲಚ್ಚಿನವು, ಬಣ್ಣಕ್ಕೊಂದು ಕಲ್ಲು. ಅಕ್ಷರ ಬಾರದ ಗಿರಾಕಿಯೂ ಚಿತ್ರ ತೋರಿಸಿ ಅದೇ ಮಾಲು ಕೇಳಬಹುದಿತ್ತು. ಥಾನಿನ ಮೇಲೆ ಅದರ ಉದ್ದವನ್ನು ಗಜದಲ್ಲಿ ಒತ್ತಬೇಕೆಂದು 1889ರ ಕಾಯ್ದೆ ಕಡ್ಡಾಯ ಮಾಡಿತು. ನಂಬಿಕೆ ಹುಟ್ಟಿಸುವ ಕೆಲಸ ಮಾತ್ರ ಚೀಟಿಯದೇ ಆಗಿತ್ತು. ಬಟ್ಟೆ ಹರಿದ ಮೇಲೂ ಚಿತ್ರ ಗೋಡೆಯ ಮೇಲೆ ಉಳಿಯುತ್ತಿತ್ತು.

2025ರಲ್ಲಿ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯಾಪ್ ವಸ್ತುಸಂಗ್ರಹಾಲಯದಲ್ಲಿ ಈ ಚೀಟಿಗಳದೇ ಪ್ರದರ್ಶನ ನಡೆಯಿತು. ನಮ್ಮ ಹೊಲಿಗೆ ಗುಂಪಿನ ಹೆಂಗಸರನ್ನು ಕರೆದುಕೊಂಡು ಹೋಗಿದ್ದೆ. ಚೀಟಿಗಳ ಮೇಲೆಲ್ಲ ವ್ಯಾಪಾರಿಗಳ ಹೆಸರು. ‘ನೇಯ್ದೋರ ಹೆಸರು ಎಲ್ಲೈತಕ್ಕಾ?’ ಎಂದಳು ಒಬ್ಬಳು. ಅವಳ ತವರು ದೊಡ್ಡಬಳ್ಳಾಪುರ, ಮಗ್ಗದ ಮನೆ.

ಮಗ್ಗದ ಮನೆಯವರಿಗೆ ಇನ್ನೊಂದು ಕಾಗದ ಗೊತ್ತು. ಅದು ಗಿರಾಕಿಯ ಕಣ್ಣಿಗೆ ಬೀಳುವಂಥದ್ದಲ್ಲ. 1804ರ ಸುಮಾರಿಗೆ ಫ್ರಾನ್ಸಿನ ಲಿಯೋನಿನಲ್ಲಿ ಜಕಾರ್ಡ್ ಎಂಬವನು ರೂಪಿಸಿದ ಮಗ್ಗದ ಯಂತ್ರ ಓಡುವುದೇ ತೂತು ಹೊಡೆದ ರಟ್ಟಿನ ಕಾರ್ಡುಗಳ ಮೇಲೆ. ಮೊದಲು ಗ್ರಾಫ್ ಹಾಳೆಯಲ್ಲಿ ಹೂವು ಬರೆಯಬೇಕು. ಅದನ್ನು ನೋಡಿಕೊಂಡು ಲಾಳಿಯ ಒಂದೊಂದು ಎಳೆಗೆ ಒಂದೊಂದು ಕಾರ್ಡು ಹೊಡೆಯಬೇಕು. ತೂತಿದ್ದ ಕಡೆ ಹಾಸಿನ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ತಗ್ಗಿಯೇ ಇರುತ್ತದೆ. 1839ರಲ್ಲಿ ಲಿಯೋನಿನ ನೇಕಾರರು ಸುಮಾರು 24,000 ಕಾರ್ಡು ಬಳಸಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಗಣಕಯಂತ್ರದ ಕನಸು ಕಂಡ ಚಾರ್ಲ್ಸ್ ಬ್ಯಾಬೇಜ್ ಅದರ ಒಂದು ಪ್ರತಿ ಇಟ್ಟುಕೊಂಡಿದ್ದ. ನೋಡಿದವರು ಅದನ್ನು ಕೆತ್ತನೆಯ ಅಚ್ಚೆಂದೇ ತಿಳಿಯುತ್ತಿದ್ದರಂತೆ.

ಬಟ್ಟೆ ಅಚ್ಚಿನಂತೆ ಕಾಣಬಹುದಾದರೆ, ಕಾರ್ಡಿನಿಂದ ಅಚ್ಚು ಒತ್ತಿದರೆ ಬಟ್ಟೆ ಕಾಣುತ್ತದೆಯೇ? ಎಲೆಕ್ಟ್ರಾನಿಕ್ ಜಕಾರ್ಡ್ ಬಂದ ಮೇಲೆ ಗುಜರಿಗೆ ಬಿದ್ದ ಕಾರ್ಡುಗಳನ್ನು ತಂದು, ಹತ್ತಿ ಬಟ್ಟೆಯ ಮೇಲಿಟ್ಟು ತೂತುಗಳಲ್ಲಿ ಸ್ಪಂಜಿನಿಂದ ಬಣ್ಣ ತಟ್ಟಿದೆ. ಮಾವಿನಕಾಯಿ ಬುಟ್ಟಾ ಮೂಡಲಿಲ್ಲ, ಬರೀ ಚುಕ್ಕಿ. ಕಾರಣ ಸರಳ. ಬಟ್ಟೆಯಲ್ಲಿ ಒಂದೇ ಗೆರೆಯಾಗಿ ಸಾಗುವ ಎಳೆಗಳ ಲೆಕ್ಕವನ್ನು ಕಾರ್ಡಿನಲ್ಲಿ ಎಂಟೆಂಟು ತೂತುಗಳ ಸಾಲಾಗಿ ಮಡಚಿಟ್ಟಿರುತ್ತಾರೆ. ಆ ಮಡಿಕೆ ಬಿಡಿಸಿ, ಚುಕ್ಕಿಗಳನ್ನು ಒಂದೇ ಗೆರೆಗೆ ತಂದು, ಕಾರ್ಡಿನ ಕೆಳಗೆ ಕಾರ್ಡು ಬರುವಂತೆ ಮರದ ಅಚ್ಚಿನಲ್ಲಿ ಒತ್ತಿದಾಗ ಸೆರಗಿನ ಅಂಚು ಬಟ್ಟೆಯ ಮೇಲೆ ಬಂತು, ನೂಲಿನದಕ್ಕಿಂತ ಎಷ್ಟೋ ಪಾಲು ದೊಡ್ಡದಾಗಿ.

ನನ್ನ ಹತ್ತಿರವಿರುವ ಕಾರ್ಡುಗಳ ಮೇಲೆ ಹೆಸರಿಲ್ಲ, ಬರೀ ಕ್ರಮಸಂಖ್ಯೆ. ಮಾರಿದವನ ಹೆಸರು ಚೀಟಿಯಲ್ಲಿ ಬಣ್ಣಬಣ್ಣವಾಗಿ ಉಳಿಯಿತು. ಹೂವನ್ನು ಲೆಕ್ಕವಾಗಿಸಿ ತೂತು ಹೊಡೆದವನು ಒಂದು, ಎರಡು, ಮೂರು ಎಂಬ ಅಂಕಿಯಾದ. ಆದ್ದರಿಂದ ನಮ್ಮ ಗುಂಪು ಒಂದು ಪದ್ಧತಿ ಮಾಡಿಕೊಂಡಿದೆ. ಕೌದಿಯ ಮೂಲೆಯಲ್ಲಿ ಚೀಟಿಯ ಅಳತೆಯದೇ ಒಂದು ಅಚ್ಚು: ಸೀರೆ ಯಾರದು, ಅಚ್ಚು ಕೊರೆದವರು ಯಾರು, ಹೊಲಿದವರು ಯಾರು, ಊರು ಕುಂದಾಣ. ಮ್ಯಾಂಚೆಸ್ಟರಿನವರ ಉಪಾಯವೇ ಇದು. ಹೆಸರುಗಳು ಮಾತ್ರ ಬೇರೆ.