ರೋಗನಿರ್ಣಯದ ದೂರ: ಮಂಡ್ಯ ಸೀಮೆ ಮತ್ತು ಎಡಿಎಚ್‌ಡಿ

ಗಮನದ ಕೊರತೆ, ಅತಿಚಟುವಟಿಕೆ ಹಾಗೂ ದುಡುಕುತನಗಳು ವಯಸ್ಸಿಗೆ ಸಲ್ಲದಷ್ಟು ಕಾಣಿಸಿಕೊಂಡು ಮಗುವಿನ ಕಲಿಕೆಗೂ ದಿನಚರಿಗೂ ತೊಡಕಾಗುವ ಸ್ಥಿತಿಯನ್ನು ಎಡಿಎಚ್‌ಡಿ ಎನ್ನಲಾಗುತ್ತದೆ. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ 1902ರಲ್ಲಿಯೇ ಇಂತಹ ಮಕ್ಕಳನ್ನು ವರ್ಣಿಸಿದ್ದರೂ, ಈ ಹೆಸರು ಅಮೆರಿಕದ ಮನೋವೈದ್ಯಕೀಯ ಕೈಪಿಡಿಯಲ್ಲಿ ನೆಲೆಗೊಂಡದ್ದು 1987ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ವರ್ಗೀಕರಣವಾದರೋ ಬಹುಕಾಲ ಇದಕ್ಕಿಂತ ಬಿಗಿಯಾದ ಮಾನದಂಡವನ್ನು ಅನುಸರಿಸಿತು. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2007ರ ವಿಶ್ಲೇಷಣೆಯೊಂದು ಮಕ್ಕಳಲ್ಲಿ ಎಡಿಎಚ್‌ಡಿಯ ಪ್ರಮಾಣವನ್ನು ಶೇ 5.3 ಎಂದು ಅಂದಾಜಿಸಿ, ಪ್ರದೇಶಗಳ ನಡುವಿನ ಅಂತರಕ್ಕೆ ಅಳೆಯುವ ವಿಧಾನಗಳೇ ಬಹುಮಟ್ಟಿಗೆ ಕಾರಣವೆಂದು ತೋರಿಸಿತು.

1939ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟ ಮಂಡ್ಯಕ್ಕೆ ಈ ಮಾತು ಇನ್ನೊಂದು ಬಗೆಯಲ್ಲಿ ಅನ್ವಯಿಸುತ್ತದೆ: ಇಲ್ಲಿ ಅಂತರಕ್ಕೆ ಕಾರಣ ತಜ್ಞರಿಗಿರುವ ದೂರ. 1974ರಲ್ಲಿ ರೂಪುಗೊಂಡ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬೆಂಗಳೂರಿನಲ್ಲಿದ್ದು, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆರಂಭವಾದದ್ದು ಈ ಶತಮಾನದ ಮೊದಲ ದಶಕದಲ್ಲಿ. ಜಿಲ್ಲೆಯೊಳಗೂ ಬೆಂಗಳೂರು–ಮೈಸೂರು ಹೆದ್ದಾರಿಯ ಮೇಲಿರುವ ಮದ್ದೂರಿಗೂ ಅದರಿಂದ ಒಳಗಿರುವ ಮಳವಳ್ಳಿಗೂ ತಜ್ಞರ ದೂರ ಒಂದೇ ಆಗಿರಲಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಎಡಿಎಚ್‌ಡಿಯನ್ನು ತಪಾಸಣೆಯ 30 ಸ್ಥಿತಿಗಳಲ್ಲಿ ಸೇರಿಸಿ, ಸಂಚಾರಿ ತಂಡಗಳ ಮೂಲಕ ಅಂಗನವಾಡಿ ಮತ್ತು ಸರ್ಕಾರಿ ಶಾಲೆಗಳನ್ನು ಮುಟ್ಟುವ ದಾರಿ ತೆರೆಯಿತು; ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆಯಲಿಲ್ಲ.

ಆದುದರಿಂದ ಒಂದು ತಾಲ್ಲೂಕಿನಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆಯು ಅಲ್ಲಿನ ಮಕ್ಕಳ ಸ್ವಭಾವಕ್ಕಿಂತ ಹೆಚ್ಚಾಗಿ ವೈದ್ಯಕೀಯ ಸೇವೆಯ ವ್ಯಾಪ್ತಿಯನ್ನೇ ಸೂಚಿಸುತ್ತದೆ.