ಕರುಳಿನ ಕ್ಯಾನ್ಸರಿಗೆ ಬದಲಿ ಯಕೃತ್ತು

ಮಲದಲ್ಲಿ ರಕ್ತ ಕಂಡರೆ ಸೇಲಂ, ಧರ್ಮಪುರಿ ಕಡೆಯ ನಮ್ಮ ಕನ್ನಡ ಮನೆಗಳಲ್ಲೂ ಮೊದಲು ನೆನಪಾಗುವುದು ಮೂಲವ್ಯಾಧಿ. ಉಷ್ಣವೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತೇವೆ. ಎಷ್ಟೋ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ. ದೊಡ್ಡ ಕರುಳಿನ ಕ್ಯಾನ್ಸರಾಗಿದ್ದರೆ ಮಾತ್ರ ಸುಮ್ಮನಿದ್ದ ಆ ತಿಂಗಳುಗಳು ಬಲು ದುಬಾರಿ. ಕರುಳಿನ ರಕ್ತ ಪೋರ್ಟಲ್ ರಕ್ತನಾಳದಿಂದ ನೇರ ಯಕೃತ್ತಿಗೆ ಹೋಗುತ್ತದೆ. ಗಡ್ಡೆಯಿಂದ ಕಳಚಿದ ಕೋಶಗಳು ಸಾಮಾನ್ಯವಾಗಿ ಮೊದಲು ಬೇರೂರುವುದೂ ಅಲ್ಲೇ. ಒಂದೆರಡು ಗಂಟುಗಳಾದರೆ ಕತ್ತರಿಸಿ ತೆಗೆಯಬಹುದು. ಯಕೃತ್ತಿನ ತುಂಬ ಹರಡಿದ್ದರೆ ಕೀಮೋ ಒಂದೇ ದಾರಿ ಎನ್ನುತ್ತಿದ್ದರು.

ಇಡೀ ಯಕೃತ್ತನ್ನೇ ಬದಲಾಯಿಸಿದರೆ ಹೇಗೆ ಎಂಬ ಯೋಚನೆ ಹಳೆಯದು. ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ 1963ರಲ್ಲಿ ಒಂದು ಮಗುವಿಗೆ ಮೊದಲ ಯಕೃತ್ತು ಕಸಿ ಮಾಡಿದರು. ಆ ಮಗು ಉಳಿಯಲಿಲ್ಲ. ಕಸಿಯಾದವರು ವರ್ಷ ದಾಟಿ ಬದುಕಲು 1967 ಬರಬೇಕಾಯಿತು. ಯುರೋಪಿನಲ್ಲಿ ಕರುಳಿನ ಕ್ಯಾನ್ಸರ್ ಹರಡಿದವರಿಗೂ ಕಸಿ ಮಾಡಿ ನೋಡಿದರು. 1995ಕ್ಕೆ ಮುಂಚಿನ ಲೆಕ್ಕದಲ್ಲಿ ಐದು ವರ್ಷ ಉಳಿದವರು ನೂರಕ್ಕೆ ಸುಮಾರು 18 ಮಂದಿ. ಸಿಕ್ಕುವುದೇ ಅಪರೂಪವಾದ ಅಂಗವನ್ನು ಇದಕ್ಕೆ ಕೊಡುವುದು ಬೇಡವೆಂದು ವೈದ್ಯರು ಕೈಬಿಟ್ಟರು.

ಮತ್ತೆ ಕೈ ಹಾಕಿದ್ದು ನಾರ್ವೆ, 2006ರಲ್ಲಿ. ಅವರ ಧೈರ್ಯಕ್ಕೆ ಒಂದು ಸಾದಾ ಕಾರಣವಿತ್ತು: ಅಲ್ಲಿ ಯಕೃತ್ತಿಗೆ ಕಾಯುವವರು ಕಡಿಮೆ, ದಾನವಾಗುವ ಯಕೃತ್ತುಗಳು ಸಾಕಷ್ಟು. ಓಸ್ಲೋದ ಮೊದಲ ಅಧ್ಯಯನದ 21 ರೋಗಿಗಳಲ್ಲಿ ಐದು ವರ್ಷ ಬದುಕಿದವರು ಶೇ. 60. ಹೆಚ್ಚುಕಡಿಮೆ ಎಲ್ಲರಿಗೂ ಕ್ಯಾನ್ಸರ್ ಮರಳಿತು, ನಿಜ. ಆದರೆ ಬಹಳಷ್ಟು ಸಲ ಮರಳಿದ್ದು ಶ್ವಾಸಕೋಶದಲ್ಲಿ, ನಿಧಾನವಾಗಿ ಬೆಳೆಯುವ ಸಣ್ಣ ಗಂಟುಗಳಾಗಿ. ಇಲ್ಲಿಂದಲೇ ಓಸ್ಲೋ ಅಂಕಗಳು ಬಂದವು. ಯಕೃತ್ತಿನ ಅತಿ ದೊಡ್ಡ ಗಡ್ಡೆ 5.5 ಸೆಂಟಿಮೀಟರಿಗಿಂತ ದೊಡ್ಡದೇ, ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಕೊಡುವ ಸಿಇಎ ಎಂಬ ಪ್ರೋಟೀನ್ 80 ದಾಟಿದೆಯೇ, ಕರುಳಿನ ಆಪರೇಷನ್ ಆಗಿ ಎರಡು ವರ್ಷ ಕಳೆದಿಲ್ಲವೇ, ಕೀಮೋ ನಡೆಯುವಾಗಲೇ ರೋಗ ಬೆಳೆಯುತ್ತಿದೆಯೇ ಎಂದು ನೋಡಿ ಒಂದೊಂದಕ್ಕೂ ಒಂದು ಅಂಕ. ಅಂಕ ಕಡಿಮೆಯಾದಷ್ಟೂ ಭರವಸೆ ಹೆಚ್ಚು. ನನ್ನ ಮಟ್ಟಿಗೆ ಈ ಚಿಕಿತ್ಸೆ ಮುಂದೆ ಬಂದದ್ದು ಕತ್ತಿಯ ಕೈಚಳಕದಿಂದಲ್ಲ, ಯಾರಿಗೆ ಬೇಡವೆಂದು ಕಲಿತದ್ದರಿಂದ.

ಕಸಿಯ ಲಾಭ ಪಕ್ಕಾ ಆದದ್ದು 2024ರಲ್ಲಿ, ಲ್ಯಾನ್ಸೆಟ್ ಪತ್ರಿಕೆಯಲ್ಲಿ. ಪ್ಯಾರಿಸ್ ಪಕ್ಕದ ಪಾಲ್ ಬ್ರೂಸ್ ಆಸ್ಪತ್ರೆಯ ರೆನೆ ಆಡಂ ನೇತೃತ್ವದ ಟ್ರಾನ್ಸ್‌ಮೆಟ್ ಪರೀಕ್ಷೆಯಲ್ಲಿ 94 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಕೀಮೋ ಮತ್ತು ಕಸಿ, ಇನ್ನೊಂದಕ್ಕೆ ಕೀಮೋ ಮಾತ್ರ. ಐದು ವರ್ಷ ಬದುಕಿದವರು ಕಸಿಯ ಪಾಲಿನಲ್ಲಿ ಶೇ. 57, ಕೀಮೋ ಮಾತ್ರದ ಪಾಲಿನಲ್ಲಿ ಶೇ. 13. ಕಸಿಗೆಂದು ಆರಿಸಿದ 47 ಮಂದಿಯಲ್ಲಿ ಒಂಬತ್ತು ಜನರಿಗೆ ಕಸಿಯೇ ಆಗಲಿಲ್ಲ. ಅವರನ್ನೂ ಲೆಕ್ಕಕ್ಕೆ ಹಿಡಿದೇ ಈ 57.

ಇಲ್ಲಿಗೆ ಬಂದರೆ ಕಥೆಯ ದಾರಿ ಬೇರೆ. ನಮ್ಮ ದೇಶದಲ್ಲಿ ಯಕೃತ್ತು ಕಸಿ ನೆಲೆಯೂರಿದ್ದು 1998ರಲ್ಲಿ; ದೆಹಲಿಯಲ್ಲಿ ಕಾಂಚೀಪುರದ ಪುಟ್ಟ ಮಗುವಿಗೆ ತಂದೆ ತನ್ನ ಯಕೃತ್ತಿನ ತುಂಡು ಕೊಟ್ಟರು. ಇಂದಿಗೂ ಬಹುಪಾಲು ಕಸಿ ಹೀಗೆ ಮನೆಯವರ ತುಂಡಿನಿಂದಲೇ. ತಮಿಳುನಾಡಿನಲ್ಲಿ 2008ರಲ್ಲಿ ಹಿತೇಂದ್ರನ್ ಎಂಬ ಹುಡುಗನ ಅಂಗದಾನ ಜನರ ಮನಸ್ಸನ್ನು ಅಲುಗಿಸಿತು. 2023ರಲ್ಲಿ ಅಂಗ ಕೊಟ್ಟವರಿಗೆ ಸರ್ಕಾರಿ ಗೌರವದ ಅಂತ್ಯಕ್ರಿಯೆ ಘೋಷಣೆಯಾಯಿತು. ಅದೇ ವರ್ಷ ಕೇಂದ್ರ ಸರ್ಕಾರ, ಅಂಗಕ್ಕಾಗಿ ಹೆಸರು ನೋಂದಾಯಿಸಲು ಆಯಾ ರಾಜ್ಯದವರೇ ಆಗಿರಬೇಕೆಂಬ ಷರತ್ತು ಬಿಡಿ ಎಂದಿತು. ಚೆನ್ನೈಗಿಂತ ಬೆಂಗಳೂರು ಹತ್ತಿರವಿರುವ ಧರ್ಮಪುರಿಯವರಿಗೆ ಅದು ಸಣ್ಣ ಮಾತಲ್ಲ.

ಆದರೂ ನಾರ್ವೆಯಂತೆ ನಮ್ಮಲ್ಲಿ ಅಂಗಗಳು ಮಿಕ್ಕುವುದಿಲ್ಲ. ಕೆನಡಾದ ಟೊರೊಂಟೊದಲ್ಲಿ, ಅಮೆರಿಕದ ರೋಚೆಸ್ಟರಿನಲ್ಲಿ ಬದುಕಿರುವವರ ತುಂಡಿನಿಂದಲೇ ಈ ಕಸಿ ಮಾಡಿದ್ದಾರೆ. ಮರಳಿ ಬರುವ ಸಂಭವ ಹೆಚ್ಚಿರುವ ರೋಗಕ್ಕೆ ಹೆಂಡತಿಯನ್ನೋ ಮಗನನ್ನೋ ಆಪರೇಷನ್ ಮೇಜಿಗೆ ಮಲಗಿಸುವುದು ಸರಿಯೇ? ಅಂಕ ಕಡಿಮೆಯಿದ್ದರೆ, ಕೊಡುವವರು ಯಾರ ಒತ್ತಡವೂ ಇಲ್ಲದೆ ಒಪ್ಪಿದರೆ ಸರಿ ಎಂಬುದು ನನ್ನ ಅಭಿಪ್ರಾಯ. ಮಿಕ್ಕವರಿಗೆ ಕಸಿಯ ಆಸೆ ಹುಟ್ಟಿಸಿ ಹೊಲ ಮಾರಿಸುವುದು ತಪ್ಪು.

ಕಸಿಯ ಮಾತು ಬರುವ ಮುಂಚೆಯೇ ರೋಗವನ್ನು ಹಿಡಿಯುವುದು ಮೇಲು. ಆದರೆ ಸರ್ಕಾರದ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠ ಈ ಮೂರನ್ನು ನೋಡುತ್ತದೆ. ಕರುಳು ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಪೆನ್ನಾಗರದಲ್ಲಾಗಲಿ ಮೆಟ್ಟೂರಿನಲ್ಲಾಗಲಿ ರಕ್ತ ಮತ್ತೆ ಮತ್ತೆ ಕಂಡರೆ, ದೊಡ್ಡ ಕರುಳಿನೊಳಗೆ ಕೊಳವೆಯಿಳಿಸಿ ನೋಡುವ ಕೊಲೊನೊಸ್ಕೋಪಿ ಬೇಕೇ ಎಂದು ಡಾಕ್ಟರನ್ನು ನೀವೇ ಕೇಳಿ.