ದಾಲ್ ಮಿಲ್ ಬ್ಲೋವರ್

ತೊಗರಿಯನ್ನು ಬೇಳೆ ಮಾಡುವಾಗ ಹೊಟ್ಟು, ದೂಳನ್ನು ಎಳೆದು ಹೊರಹಾಕುವ ಫ್ಯಾನು. ಕಲಬುರಗಿಯ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳು ತೊಗರಿಯ ಸೀಮೆ. ಫ್ಯಾನು ಎಳೆದ ಹೊಟ್ಟು, ಅದನ್ನು ಗಾಳಿಯಿಂದ ಬೇರ್ಪಡಿಸುವ ಸೈಕ್ಲೋನಿನಲ್ಲಿ ಸುತ್ತಿ ಕೆಳಗಿಳಿದು ದನದ ಮೇವಾಗುತ್ತದೆ.

ರೆಕ್ಕೆಗಳಿಗೆ ದೂಳು ಹೆಚ್ಚುಕಡಿಮೆಯಾಗಿ ಮೆತ್ತಿದರೆ ತೂಕ ತಪ್ಪಿ ಫ್ಯಾನು ನಡುಗುತ್ತದೆ, ಬೇರಿಂಗ್ ಸವೆಯುತ್ತದೆ. ಮೇನ್ ಸ್ವಿಚ್ ಬಂದ್ ಮಾಡಿ ರೆಕ್ಕೆ ಒರೆಸುವುದು, ಬೆಲ್ಟಿನ ಬಿಗಿ ನೋಡುವುದು, ಗ್ರೀಸ್ ಹಾಕುವುದು ಹಂಗಾಮಿನಲ್ಲಿ ತಪ್ಪಲೇಬಾರದು.

ಮೋಟಾರು ರಿವೈಂಡ್ ಮಾಡಿಸಿದ ಮೇಲೆ ಫೇಸ್ ಅದಲುಬದಲಾದರೆ ಫ್ಯಾನು ಉಲ್ಟಾ ತಿರುಗುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರಿನಲ್ಲಿ ಆಗಲೂ ಗಾಳಿ ಅದೇ ಬಾಯಿಂದ ಬರುವುದರಿಂದ ದೋಷ ಸುಲಭಕ್ಕೆ ತಿಳಿಯದು. ಎಳೆತ ಕುಗ್ಗಿ ದೂಳು ಕೂಲಿಕಾರರ ಎದೆ ಸೇರುತ್ತದೆ. ಕವಚದ ಮೇಲಿನ ಬಾಣದ ಗುರುತಿಗೆ ತಾಳೆ ನೋಡಿಯೇ ಚಾಲೂ ಮಾಡಬೇಕು.